ಆಗಂಗಿಲ್ಲ ಎಂಬ ಉತ್ತರ

ನಮ್ಮ ಆಸ್ಪತ್ರೆಯ ಗೋಡೆಗಳು ನನ್ನ ದನಿಯಲ್ಲಿ ಮಾತಾಡುತ್ತವೆ.

ಗದಗಿನ ಈ ಆಸ್ಪತ್ರೆಗೆ ನಾನು ಕೆಲಸಕ್ಕೆ ಸೇರಿದ ಮೊದಲ ವಾರದ ಮಾತು. ಆಪರೇಷನ್ನಿಗೆ ಬರುವ ರೋಗಿಗಳನ್ನು ಪ್ರಶ್ನೆ ಕೇಳುವ ಯಂತ್ರವೊಂದು ತಯಾರಾಗುತ್ತಿತ್ತು, ಅದಕ್ಕೊಂದು ಹೆಣ್ಣುದನಿ ಬೇಕಾಗಿತ್ತು. ಹದಿನೈದು ಜನ ಸಿಸ್ಟರುಗಳು ಓದಿ ನೋಡಿದರು. ಎಲ್ಲರ ದನಿಯಲ್ಲೂ ಅವಸರ ಇದೆ ಎಂದು ಯಂತ್ರ ವಿಭಾಗದ ಮುಖ್ಯಸ್ಥ ಚಿದಂಬರ ಸರ್ ಒಪ್ಪಲಿಲ್ಲ. ಮೂಲೆಯಲ್ಲಿ ಕುಳಿತು ಪಟ್ಟಿ ತಾಳೆ ನೋಡುತ್ತಿದ್ದ ನನ್ನನ್ನು ಕರೆದು, "ನೀಲಾಂಬಿಕಾ, ನೀವೊಂದ್ಸಲ ಓದಿ" ಎಂದರು. ಓದಿದೆ. "ಇದೇ ಇರಲಿ. ಈ ದನಿಗೆ ಯಾರೂ ಹೆದರಲ್ಲ" ಎಂದರು.

ಅವ್ವನಿಗೆ ಇದು ದೊಡ್ಡ ತಮಾಷೆಯಾಯಿತು. "ಊರ ಮಂದಿಗೆಲ್ಲ ನಿನ್ನ ದನಿ ಕೇಳತೈತಿ, ಮನ್ಯಾಗ ನನಗೊಬ್ಬಾಕಿಗೆ ಕೇಳಂಗಿಲ್ಲ" ಎನ್ನುತ್ತಿದ್ದಳು.

ಯಂತ್ರಕ್ಕೆ ಕಾಗದದಲ್ಲಿ ಏನೋ ಉದ್ದನೆಯ ಹೆಸರಿತ್ತು. ವಾರ್ಡಿನ ಆಯಾಗಳು ಅದನ್ನು ಕೇಳಾಕಿ ಎಂದರು, ಅಂದರೆ ಕೇಳುವವಳು. ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಯಂತ್ರದ ಎರಡೂ ಕೆಲಸ ಒಂದು ಹೆಸರಿನಲ್ಲಿ ಬಂದುಬಿಟ್ಟಿತು. ಹೆಸರು ಹಬ್ಬಿದ ಮೇಲೆ ಸರ್ ಅದನ್ನು ಯಂತ್ರಕ್ಕೂ ಕಲಿಸಿದರು. ಯಾರಾದರೂ "ಕೇಳಾಕಿ" ಎಂದರೆ ಸಾಕು, ಹಾಸಿಗೆಯ ತಲೆದೆಸೆಯ ಗೋಡೆಯಲ್ಲಿ ಹಸಿರು ದೀಪ ಹೊತ್ತಿಕೊಳ್ಳುತ್ತದೆ. "ಹೇಳಿ, ಕೇಳುತ್ತಿದ್ದೇನೆ" ಎನ್ನುತ್ತದೆ ನನ್ನ ದನಿ.

ಕೇಳಾಕಿ ಕೇಳುವ ಪ್ರಶ್ನೆಗಳು ನಲವತ್ತೊಂದು. ಮೊದಲು ಸಿಸ್ಟರುಗಳು ಕೇಳುತ್ತಿದ್ದರು, ಗಡಿಬಿಡಿಯಲ್ಲಿ ಹತ್ತಿಪ್ಪತ್ತು ಬಿಟ್ಟುಹೋಗುತ್ತಿದ್ದವು. ಕೇಳಾಕಿಗೆ ದಣಿವಿಲ್ಲ. ರೋಗಿಯ ಉತ್ತರಕ್ಕೆ ತಕ್ಕಂತೆ ಥಿಯೇಟರನ್ನೂ ಅವಳೇ ಸಿದ್ಧಗೊಳಿಸುತ್ತಾಳೆ: ಯಾವ ಔಷಧಿಯ ಕಪಾಟು ತೆರೆಯಬೇಕು, ಯಾವ ಗ್ಲೌಸ್ ಹೊರಬರಬೇಕು, ಗಾಳಿಯನ್ನು ಎಷ್ಟು ಹೊತ್ತು ಸೋಸಬೇಕು. ಡಾಕ್ಟರು ಒಳಗೆ ಹೋಗುವ ಹೊತ್ತಿಗೆ ಎಲ್ಲವೂ ಕೈಗೆ ಸಿಗುವಂತಿರುತ್ತದೆ.

ಇಪ್ಪತ್ತೇಳನೆಯ ಪ್ರಶ್ನೆ ರಬ್ಬರಿನದು.

ಪೆಟ್ರೋಲಿಯಂನಿಂದ ಮಾಡಿ ಒಮ್ಮೆ ಬಳಸಿ ಬಿಸಾಡುವ ಸಾಮಾನುಗಳಿಗೆಲ್ಲ ಕಾನೂನಿನ ಕಡಿವಾಣ ಬಿದ್ದ ಮೇಲೆ ಕೃತಕ ವಸ್ತುವಿನ ನೀಲಿ ಗ್ಲೌಸುಗಳು ಅಪರೂಪವಾದವು. ಆಸ್ಪತ್ರೆಗಳು ಮತ್ತೆ ರಬ್ಬರ್ ಮರದ ಹಾಲಿನಿಂದ ಮಾಡಿದ ಬಿಳಿ ಗ್ಲೌಸಿಗೆ ಮರಳಿದವು. ಆ ಹಾಲಿನಲ್ಲಿ ಕೆಲವು ಪ್ರೋಟೀನುಗಳಿವೆ. ನೂರಾರು ಜನರಲ್ಲಿ ಒಬ್ಬರಿಬ್ಬರ ಮೈ ಅವನ್ನು ಶತ್ರು ಎಂದು ತಿಳಿಯುತ್ತದೆ. ಮೊದಲು ಕೈ ತುರಿಸುತ್ತದೆ, ಅಷ್ಟೆ. ಮುಟ್ಟಿದಷ್ಟೂ ಮೈ ಹೆಚ್ಚು ಹೆಚ್ಚು ಸಜ್ಜಾಗುತ್ತ ಹೋಗುತ್ತದೆ. ಒಂದು ದಿನ ಅಂಥವರ ಹೊಟ್ಟೆಯೊಳಗೆ ಆ ಗ್ಲೌಸಿನ ಕೈ ಹೋದರೆ ಇಡೀ ಮೈ ಒಮ್ಮೆಲೇ ತಿರುಗಿಬೀಳುತ್ತದೆ. ರಕ್ತದೊತ್ತಡ ಕುಸಿಯುತ್ತದೆ, ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಅಂಥ ರೋಗಿಗಳಿಗೆಂದೇ ಪ್ರತಿ ಥಿಯೇಟರಿನಲ್ಲಿ ನೀಲಿ ಗ್ಲೌಸುಗಳ ಒಂದು ಸಣ್ಣ ಕಪಾಟಿದೆ. ಅದರ ಬೀಗ ಕೇಳಾಕಿಯ ಕೈಯಲ್ಲಿ.

ಕೇಳಾಕಿಗೆ ಉತ್ತರಗಳ ಅರ್ಥ ಕಲಿಸಿದವಳು ನಾನು. ಧಾರವಾಡದಲ್ಲಿ ಭಾಷಾಶಾಸ್ತ್ರ ಓದಿದ್ದೆ. ನಾಲ್ಕು ಸಾವಿರ ರೋಗಿಗಳ ಉತ್ತರಗಳನ್ನು ಕಿವಿಗೆ ಹಾಕಿಕೊಂಡು ಕೇಳಿ, ಇದು ಹೌದು, ಇದು ಇಲ್ಲ, ಇದು ತಿಳಿಯದು ಎಂದು ಗುರುತು ಹಾಕುವುದು ನನ್ನ ಕೆಲಸವಾಗಿತ್ತು. ಯಾರ ಜೊತೆಗೂ ಮಾತಾಡಬೇಕಿರಲಿಲ್ಲ. ನನಗಾಗಿಯೇ ಹುಟ್ಟಿದ ಕೆಲಸ ಎಂದುಕೊಂಡಿದ್ದೆ.

*

ಫಕೀರವ್ವ ತಳವಾರ ಬಂದದ್ದು ಸೆಪ್ಟೆಂಬರಿನ ಒಂದು ಗುರುವಾರ. ಶಿರಹಟ್ಟಿ ಕಡೆಯ ಹಳ್ಳಿಯೊಂದರ ಸಾಲಿಯಲ್ಲಿ ಬಿಸಿಯೂಟ ಮಾಡುವವರು. ಗರ್ಭಕೋಶದಲ್ಲಿ ಗಡ್ಡೆ, ತಿಂಗಳಲ್ಲಿ ಇಪ್ಪತ್ತು ದಿನ ರಕ್ತ ಹೋಗುತ್ತಿತ್ತು. ತೆಗೆಯದೆ ವಿಧಿಯಿರಲಿಲ್ಲ.

ನಾನು ಕಂಟ್ರೋಲ್ ರೂಮಿನಲ್ಲಿದ್ದೆ. ಎದುರಿಗೆ ಎರಡನೆಯ ಥಿಯೇಟರಿನ ಪರದೆ, ಕಿವಿಯಲ್ಲಿ ಅಲ್ಲಿಯ ಮಾತು. ಅರಿವಳಿಕೆ ಕೊಡುವ ಡಾಕ್ಟರ್ ಮೆಹರುನ್ನೀಸಾ ಮುಲ್ಲಾ ಮೇಡಮ್ ಎಂದಿನಂತೆ ಸರ್ಜನ್ನರನ್ನು ಛೇಡಿಸುತ್ತಿದ್ದರು. ಹೊಟ್ಟೆ ತೆರೆದು ಇಪ್ಪತ್ತೈದು ನಿಮಿಷವಾಗಿರಬೇಕು. ಅವರ ಮಾತು ಅರ್ಧಕ್ಕೆ ನಿಂತಿತು.

"ಒತ್ತಡ ಯಾಕ ಇಳೀಲಿಕತ್ತೈತಿ? ರಕ್ತ ಹೋತೇನು?"

"ಎಲ್ಲಿ ರಕ್ತ? ಗಡ್ಡಿಗೆ ಇನ್ನೂ ಕತ್ತರಿ ಹಚ್ಚಿಲ್ಲ ನಾ."

"ಬಟ್ಟಿ ಸರಸ್ರಿ. ಎದಿ ನೋಡೂಣು."

ಸಿಸ್ಟರ್ ಹೊದಿಕೆ ಸರಿಸಿದರು. ಕುತ್ತಿಗೆಯಿಂದ ಎದೆಯವರೆಗೆ ಅಂಗೈಯಗಲದ ಕೆಂಪು ಗಂದೆಗಳು. ಉಸಿರಿನ ಯಂತ್ರ ಒತ್ತಡ ಹೆಚ್ಚಿದೆ ಎಂದು ಕೂಗತೊಡಗಿತು.

"ರಬ್ಬರ್ ಇದು. ಕೈ ತೆಗೀರಿ ಎಲ್ಲಾರೂ. ಗ್ಲೌಸ್ ಬಿಚ್ಚಿ ಹೊರಗ ಒಯ್ಯಿರಿ, ಅಡ್ರಿನಲಿನ್ ಕೊಡ್ರಿ ನನ್ನ ಕೈಯಾಗ" ಎಂದರು ಮೇಡಮ್. ಆಮೇಲೆ ಗೋಡೆಯ ಕಡೆ ತಿರುಗಿ, "ಕೇಳಾಕಿ, ನೀಲಿ ಕಪಾಟು ತೆಗಿ" ಎಂದರು.

ಗೋಡೆಯಲ್ಲಿ ದೀಪ ಹೊತ್ತಿತು. "ಈ ರೋಗಿಗೆ ರಬ್ಬರಿನ ತೊಂದರೆ ಇಲ್ಲ" ಎಂದಿತು ನನ್ನ ದನಿ, ಯಾರೂ ಹೆದರದ ಆ ದನಿ. "ಕಪಾಟು ತೆರೆಯಲು ದಯವಿಟ್ಟು ಕಾರಣ ತಿಳಿಸಿ."

"ಒಡೀರಿ ಅದನ್ನ" ಎಂದರು ಮೇಡಮ್.

ಕಪಾಟು ತೆರೆಯುವ ಗುಂಡಿ ನನ್ನ ಮೇಜಿನ ಮೇಲೂ ಇತ್ತು. ಸರ್ ಅಪ್ಪಣೆಯಿಲ್ಲದೆ ಅದನ್ನು ಮುಟ್ಟಬಹುದೋ ಇಲ್ಲವೋ ಎಂದು ನಾನು ಯೋಚಿಸಿದೆ. ಹೌದು, ಯೋಚಿಸಿದೆ. ಒತ್ತುವ ಹೊತ್ತಿಗೆ ಕಿವಿಯಲ್ಲಿ ಗಾಜು ಒಡೆದ ಸದ್ದು ಬಂತು. ಸ್ಟೂಲಿನಿಂದ ಒಡೆದಿದ್ದರು.

ಫಕೀರವ್ವ ಬದುಕಿದರು. ಗಡ್ಡೆ ತೆಗೆಯದೆಯೇ ಹೊಟ್ಟೆ ಹೊಲಿದು ತೀವ್ರ ನಿಗಾ ಘಟಕಕ್ಕೆ ಒಯ್ದರು.

*

ಮಧ್ಯಾಹ್ನ ಚಿದಂಬರ ಸರ್ ಬಂದು ಬೆಳಗಿನ ದಾಖಲೆ ಹಾಕಿಸಿದರು. ಮೊದಲು ನನ್ನ ದನಿ:

"ರಬ್ಬರಿನಿಂದ ನಿಮಗೆ ಏನಾದರೂ ಆಗುತ್ತದೆಯೇ?"

ಸ್ವಲ್ಪ ತಡೆದು ಫಕೀರವ್ವನ ದನಿ: "ರಬ್ಬರ್ ಆಗಂಗಿಲ್ರೀ ನನಗ."

"ಧನ್ಯವಾದ" ಎಂದಿತ್ತು ನನ್ನ ದನಿ.

ಸರ್ ಕುರ್ಚಿಗೆ ಒರಗಿ ಉಸಿರು ಬಿಟ್ಟರು. ಬೆಳಗಿನಿಂದ ಅವರ ಮುಖ ಸಣ್ಣದಾಗಿತ್ತು. "ಸ್ಪಷ್ಟವಾಗಿದೆ. ಆಗುತ್ತಾ ಅಂತ ಕೇಳಿದೆ, ಆಗಲ್ಲ ಅಂದಿದ್ದಾರೆ. ಯಂತ್ರದ್ದೇನೂ ತಪ್ಪಿಲ್ಲ ಬಿಡಿ. ಪಾಪ, ಆಯಮ್ಮಂಗೇ ಗೊತ್ತಿರಲಿಲ್ಲ ಅನ್ಸುತ್ತೆ." ಆಮೇಲೆ ನನ್ನ ಕಡೆ ನೋಡಿದರು. "ಗುರುತು ಹಾಕಿದ್ದು ನೀವೇ ಅಲ್ವಾ? ಸರಿಯಾಗಿದೆ ತಾನೆ?"

"ಹೂಂ ಸರ್" ಎಂದೆ.

ಅವರು ವರದಿಯ ಕರಡಿನಲ್ಲಿ ಬರೆದರು: ರೋಗಿಯು ತಪ್ಪು ಮಾಹಿತಿ ನೀಡಿದ್ದಾರೆ.

*

ಮನೆಗೆ ಹೋದಾಗ ಅವ್ವ ಸಂಜೆಯ ಅಡಿಗೆಗೆ ಕೂತಿದ್ದಳು. ನಾನು ಚೀಲದಿಂದ ತೆಗೆದ ಕಾಯಿಪಲ್ಯ ನೋಡಿ ಮುಖ ಸಿಂಡರಿಸಿದಳು.

"ಮತ್ತ ಬದನಿಕಾಯಿ ತಂದೇನು? ನನಗ ಬದನಿಕಾಯಿ ಆಗಂಗಿಲ್ಲಂತ ಎಷ್ಟು ಸಲ ಹೇಳಬೇಕು ನಿನಗ? ತಿಂದ್ರ ಮೈಯೆಲ್ಲಾ ಕೆರೀತೈತಿ."

ನಾನು ಬದನೆಕಾಯಿ ಕೈಯಲ್ಲಿ ಹಿಡಿದೇ ನಿಂತೆ.

"ಯಾಕ, ಏನಾತು?"

"ಏನಿಲ್ಲ."

"ಏನ ಕೇಳಿದ್ರೂ ಏನಿಲ್ಲ. ನಿನ್ನಕಿಂತ ಆ ಗ್ವಾಡಿ ಚಲೋ" ಎಂದು ಅವ್ವ ಬದನೆಕಾಯಿಗಳನ್ನು ಬದಿಗಿಟ್ಟಳು.

ಕೋಣೆಗೆ ಹೋಗಿ ಡೈರಿ ತೆಗೆದೆ. ಯಾವ ಪುಟ ಎಂದು ಹುಡುಕಬೇಕಾಗಲಿಲ್ಲ.

ಏಪ್ರಿಲ್ ಹದಿನಾಲ್ಕು. "ಆಗಂಗಿಲ್ಲ: ಮೂರು ಅರ್ಥ. ಒಂದು, ಏನೂ ಆಗುವುದಿಲ್ಲ. ಎರಡು, ಮೈಗೆ ಒಗ್ಗುವುದಿಲ್ಲ. ಮೂರು, ನನ್ನಿಂದ ಸಾಧ್ಯವಿಲ್ಲ. ನಾನು ಮೂರಕ್ಕೂ 'ಇಲ್ಲ' ಎಂದೇ ಗುರುತು ಹಾಕುತ್ತ ಬಂದಿದ್ದೇನೆ. ಒಂದು ಮತ್ತು ಎರಡು ಪೂರಾ ಉಲ್ಟಾ. ಸರ್‌ಗೆ ಹೇಳಬೇಕು. ನಾಳೆ."

ಹದಿನೈದು. "ಸಭೆ ಇತ್ತು. ಬೆಂಗಳೂರಿನಿಂದ ಆರು ಜನ ಬಂದಿದ್ದರು. ಇನ್ನೇನಾದರೂ ಹೇಳೋದಿದೆಯಾ ಎಂದು ಸರ್ ಎಲ್ಲರನ್ನೂ ಕೇಳಿದರು. ಪೆನ್ನು ಎತ್ತಿದ್ದೆ. ನನ್ನ ಸರದಿ ಬಂದಾಗ ಇಲ್ಲ ಸರ್ ಎಂದೆ. ನಾಳೆ."

ಹದಿನಾರು. "ನಾಳೆ ಖಂಡಿತ."

ಹದಿನೇಳು. "ಅವ್ವನ ಜೊತೆ ಸೀರೆ ಅಂಗಡಿ. ಸೆಖೆ."

ಆಮೇಲೆ ಆ ಮಾತು ಡೈರಿಯಲ್ಲಿ ಎಲ್ಲಿಯೂ ಇಲ್ಲ. ಐದು ತಿಂಗಳು. ದಿನಾ ಬರೆದಿದ್ದೇನೆ, ಮಳೆ, ಬಸ್ಸು, ಸಿಸ್ಟರೊಬ್ಬರು ನನ್ನ ಜಡೆ ಹೊಗಳಿದ್ದು, ಎಲ್ಲ ಇದೆ. ಬರೆದರೆ ಹೇಳಿದ ಹಾಗೆಯೇ ಎಂದು ನಾನು ಒಳಗೊಳಗೇ ನಂಬಿಕೊಂಡಿದ್ದೆ ಅನಿಸುತ್ತದೆ.

*

ಭಾನುವಾರ ಫಕೀರವ್ವನನ್ನು ವಾರ್ಡಿಗೆ ತಂದರು ಎಂದು ತಿಳಿಯಿತು. ಎರಡನೆಯ ಸಲ ಆಪರೇಷನ್ ಒಲ್ಲೆ, ಮನೆಗೆ ಕಳಿಸಿರಿ ಎನ್ನುತ್ತಿದ್ದಾರೆಂದೂ ತಿಳಿಯಿತು. "ಹಂಗ ಹೋದ್ರ ಎರಡು ತಿಂಗಳು ತಡಿಯೂದಿಲ್ಲ ಆಕಿ, ಮೈಯಾಗ ರಕ್ತನ ಇಲ್ಲ" ಎಂದು ಮೆಹರುನ್ನೀಸಾ ಮೇಡಮ್ ಸಿಸ್ಟರಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು.

ಯಾಕೆ ಹೋಗುತ್ತಿದ್ದೇನೆ ಎಂದು ಗೊತ್ತಿಲ್ಲದೆಯೇ ವಾರ್ಡಿಗೆ ಹೋದೆ. ಐವತ್ತರ ಆಸುಪಾಸಿನ ಸಣಕಲು ಹೆಂಗಸು, ಮೂಗಿನಲ್ಲಿ ಹಳೆಯ ನತ್ತು, ಬೆರಳ ಸಂದುಗಳಲ್ಲಿ ಒಡೆದ ಚರ್ಮ. ಪಕ್ಕದ ಮೇಜಿನ ಮೇಲೆ ಬೆಳಗಿನ ನಾಷ್ಟಾದ ಜೊತೆ ಕೊಟ್ಟ ಬಾಳೆಹಣ್ಣು ಹಾಗೇ ಇತ್ತು. ನಾನು ಅದನ್ನೇ ನೋಡುತ್ತ ನಿಂತದ್ದು ಅವರಿಗೆ ಕಂಡಿರಬೇಕು.

"ತಗೊಂಡ ಹೋಗ ತಂಗಿ ಅದನ್ನ. ನನಗ ಬಾಳಿಹಣ್ಣ ಆಗಂಗಿಲ್ಲ."

"ಆಗಂಗಿಲ್ಲಂದ್ರ?" ಎಂದೆ. ನನ್ನ ದನಿ ನನಗೇ ಕೇಳುವಷ್ಟಿತ್ತು.

"ಆಗಂಗಿಲ್ಲಂದ್ರ ಆಗಂಗಿಲ್ಲ. ಹಿಂಗ ಬಾಯಿಗೆ ಇಟ್ರ ತುಟಿ ಬಾತಗೋತಾವು. ರಬ್ಬರ್ ಮುಟ್ಟಿದ್ರ ಕೈ ಹೆಂಗ ಆಕ್ಕಾವಲ್ಲ, ಹಂಗ." ಅಷ್ಟರಲ್ಲಿ ಅವರು ತಲೆ ಓರೆ ಮಾಡಿ ನನ್ನನ್ನು ದಿಟ್ಟಿಸಿದರು. "ತಡಿ. ನಿನ್ನ ದನಿ ಕೇಳೀನಿ ನಾ. ಗ್ವಾಡ್ಯಾಗ ಕೂತು ಕೇಳಿದಾಕಿ ನೀನ ಅಲ್ಲೇನು?"

ತಲೆಯಾಡಿಸಿದೆ.

"ಕೇಳಿದಿ. ರಬ್ಬರ್ ಆಗಂಗಿಲ್ಲಂತ ಹೇಳಿದೆ. ಧನ್ಯವಾದ ಅಂದಿ. ಚಲೋ ಹುಡುಗಿ, ತಿಳೀತು ಇಕಿಗೆ ಅಂತ ನಿಶ್ಚಿಂತಿಲೆ ಮಲಗಿದೆ ನಾ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಎದ್ದು ನೋಡಿದ್ರ ನಾನ ತಪ್ಪು ಹೇಳೀನಂತ. ಕಾಗದದಾಗ ಹಂಗ ಬರದಾರಂತ, ಸಿಸ್ಟರ್ ಅಂದ್ಲು. ಸಾಲ್ಯಾಗ ಗ್ಲೌಸ್ ಹಾಕ್ಕೊಂಡ ಅನ್ನ ಬಡಸಬೇಕಂತ ರೂಲ್ ಬಂದಾಗಿಂದ ಈ ಕೈ ಹಿಂಗ ಅದಾವು. ಗೊತ್ತಿಲ್ಲೇನು ನನಗ? ಆದ್ರೂ ಹೆಂಗ ಹೇಳಿದೆನೋ ಏನೋ. ನನಗ ಮಾತಾಡಾಕ ಬರಂಗಿಲ್ಲ ಬಿಡು, ಅನ್ನ ಬಡಸೂದೊಂದ ಬರೂದು. ನನ್ನಿಂದ ಅಷ್ಟು ಮಂದಿ ಡಾಕ್ಟರಿಗೆ ತ್ರಾಸ ಆತು. ಅವರ ಮುಂದ ಮತ್ತ ಹೋಗಿ ಮಲಗಾಕ ನಾಚಿಗಿ ಬರತೈತಿ ನನಗ. ಮನಿಗೆ ಹೊಕ್ಕೀನಿ."

ತಪ್ಪು ನಿಮ್ಮದಲ್ಲ ಎನ್ನುವುದು ಎರಡೇ ಪದ. ಬಾಯಿ ತೆರೆದೆ. "ಹೂಂ" ಎಂಬ ಸದ್ದು ಬಂತು. ಬಾಳೆಹಣ್ಣು ಹಿಡಿದುಕೊಂಡು ಹೊರಗೆ ಬಂದೆ.

*

ಕಂಟ್ರೋಲ್ ರೂಮಿನಲ್ಲಿ ಭಾನುವಾರ ಯಾರೂ ಇರುವುದಿಲ್ಲ. ಕೇಳಾಕಿ ಕೆಲಸ ಶುರು ಮಾಡಿದಂದಿನಿಂದ ಇಪ್ಪತ್ತೇಳನೆಯ ಪ್ರಶ್ನೆಗೆ "ಆಗಂಗಿಲ್ಲ", "ಆಗಲ್ಲ" ಎಂದು ಬಂದ ಉತ್ತರಗಳನ್ನೆಲ್ಲ ಹೊರತೆಗೆದೆ. ಇನ್ನೂರ ಹನ್ನೆರಡು. ಒಂದೊಂದನ್ನೂ ಮೂರು ಸಲ ಕೇಳಿದೆ. ಹೆಚ್ಚಿನವರು ನಿಜವಾಗಿ ಏನೂ ಆಗುವುದಿಲ್ಲ ಎಂದೇ ಹೇಳಿದ್ದರು. ಒಬ್ಬ ಮುದುಕರು, "ಸಾಕ ಮಾಡವಾ, ಇನ್ನ ನನಗ ಆಗಂಗಿಲ್ಲ, ಎಷ್ಟ ಕೇಳತಿ" ಎಂದಿದ್ದರು. ಅದಕ್ಕೂ ಧನ್ಯವಾದ ಹೇಳಿ, ರಬ್ಬರಿನ ತೊಂದರೆ ಇಲ್ಲ ಎಂದು ಬರೆದುಕೊಂಡಿದ್ದಳು ಕೇಳಾಕಿ. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು.

ಹನ್ನೊಂದು ಜನರ ದನಿ ಫಕೀರವ್ವನ ದನಿಯ ಹಾಗಿತ್ತು. ರಬ್ಬರ್ ಮೊದಲು, ನನಗ ಎಂಬುದು ಪಕ್ಕದಲ್ಲಿ, ಸ್ವಲ್ಪ ದೂರು ಹೇಳುವ ಧಾಟಿ. ಒಂಬತ್ತು ಜನರಿಗೆ ಆಪರೇಷನ್ ಮುಗಿದು ಹೋಗಿತ್ತು, ಏನೂ ಆಗಿರಲಿಲ್ಲ. ಒಬ್ಬರಿಗೆ ಇನ್ನೂ ಆಗಬೇಕಿತ್ತು. ಲಕ್ಷ್ಮೇಶ್ವರದ ಒಬ್ಬ ದರ್ಜಿಗೆ ಥಿಯೇಟರಿನಲ್ಲೇ ಉಬ್ಬಸ ಬಂದು ಮೂರು ದಿನ ನಿಗಾ ಘಟಕದಲ್ಲಿದ್ದರಂತೆ. ಕಾರಣ ತಿಳಿಯದು ಎಂದು ಬರೆದು, ಅಸ್ತಮಾ ಇರಬಹುದು ಎಂದು ಔಷಧಿ ಕೊಟ್ಟು ಕಳಿಸಿದ್ದರು. ದಿನಾಂಕ ನೋಡಿದೆ. ಜೂನ್ ಎರಡು. ನನ್ನ "ನಾಳೆ"ಗೆ ಏಳು ವಾರ ಆಗಿತ್ತು.

*

ಸೋಮವಾರ ಹತ್ತಕ್ಕೆ ಸಭೆ. ಮುಖ್ಯ ವೈದ್ಯರು, ಚಿದಂಬರ ಸರ್, ಮೆಹರುನ್ನೀಸಾ ಮೇಡಮ್, ಬಾಗಿಲ ಬಳಿ ನಾನು. ಸರ್ ವರದಿ ಓದಿ ಮುಗಿಸಿ ಸಹಿಗೆ ಮುಂದೆ ಸರಿಸಿದರು.

"ಸರ್" ಎಂದೆ.

ಯಾರಿಗೂ ಕೇಳಿಸಲಿಲ್ಲ. ಮುಖ್ಯ ವೈದ್ಯರು ಪೆನ್ನಿನ ಟೊಪ್ಪಿಗೆ ತೆಗೆದರು. ಮತ್ತೊಮ್ಮೆ "ಸರ್" ಎಂದೆ.

"ತಡೀರಿ. ಈ ಹುಡುಗಿ ಏನೋ ಅನ್ನಾಕತ್ತಾಳ" ಎಂದರು ಮೇಡಮ್.

ನನಗೆ ವಿವರಿಸಲು ಬರಲಿಲ್ಲ. ದಾಖಲೆಗಳನ್ನು ಹಾಕಿದೆ. ಮೊದಲು ಒಬ್ಬರು, ರಬ್ಬರಿನಿಂದ ಏನೂ ಆಗಂಗಿಲ್ಲ ಎಂದವರು. ಆಮೇಲೆ ಆ ಮುದುಕರು. ಮೇಡಮ್ ಫಕ್ಕನೆ ನಕ್ಕರು. ಮೂರನೆಯದು ಫಕೀರವ್ವನದು. ಮೇಡಮ್ ನಗು ನಿಂತಿತು.

"ಅವರು ತಪ್ಪು ಹೇಳಿಲ್ಲ ಸರ್" ಎಂದೆ. "ನನಗ ಬಾಳಿಹಣ್ಣು ಆಗಂಗಿಲ್ಲ ಅಂತೀವಲ್ಲ, ಹಂಗ ಹೇಳ್ಯಾರ."

ಚಿದಂಬರ ಸರ್ ಫಕೀರವ್ವನ ದಾಖಲೆಯನ್ನು ಮತ್ತೊಮ್ಮೆ ಹಾಕಿಸಿದರು. "ನಮ್ಮಮ್ಮ ದಿನಾ ಹೇಳ್ತಾರೆ, ನನಗೆ ಹಾಲು ಆಗಲ್ಲ ಅಂತ" ಎಂದರು. "ದಿನಾ ಕೇಳ್ತೀನಿ. ಹೊಳೀಲೇ ಇಲ್ಲ ನಂಗೆ." ಆಮೇಲೆ ಮೆತ್ತಗೆ, ಮೆಚ್ಚುಗೆಯಿಂದಲೇ ಕೇಳಿದರು: "ಒಳ್ಳೇ ಕೆಲಸ ಮಾಡಿದ್ರಿ. ಯಾವಾಗ ಗೊತ್ತಾಯ್ತು ನಿಮಗೆ?"

ನಿನ್ನೆ ಎನ್ನಬಹುದಿತ್ತು. ಅದು ಪೂರಾ ಸುಳ್ಳೂ ಆಗುತ್ತಿರಲಿಲ್ಲ. ನಿನ್ನೆ ಎಂದಿದ್ದರೆ ಆ ಕೋಣೆಯಲ್ಲಿ ನಾನು ಫಕೀರವ್ವನನ್ನು ಉಳಿಸಿದ ಹುಡುಗಿಯಾಗುತ್ತಿದ್ದೆ. ಆ ಮಾತು ನಾಲಿಗೆಯ ಮೇಲೆ ಎಷ್ಟು ಸಲೀಸಾಗಿ ಬಂದು ಕುಳಿತಿತೆಂದರೆ, ಜನ್ಮದಲ್ಲಿ ಮೊದಲ ಸಲ ನನಗೆ ಮಾತು ಇಷ್ಟು ಸುಲಭವೇ ಅನಿಸಿತು.

"ಏಪ್ರಿಲ್ ಹದಿನಾಲ್ಕು" ಎಂದೆ.

ಡೈರಿಯ ಆ ಪುಟ ತೆರೆದು ಮೇಜಿನ ಮೇಲಿಟ್ಟೆ. ಮೂವರೂ ಬಾಗಿ ಓದಿದರು. ಸೀರೆ ಅಂಗಡಿಯ ಸಾಲನ್ನೂ ಓದಿದರು.

ಮುಖ್ಯ ವೈದ್ಯರು ಪೆನ್ನು ಮುಚ್ಚಿದರು. ಚಿದಂಬರ ಸರ್ ವರದಿಯನ್ನು ವಾಪಸು ಎಳೆದುಕೊಂಡರು. ಮಾತಾಡಿದವರು ಮೇಡಮ್.

"ಐದು ತಿಂಗಳು ಬಾಯಾಗ ಏನ ಇಟಗೊಂಡಿದ್ದಿ ನೀಲಾ?"

"ನಾಚಿಗಿ ಮೇಡಮ್ಮಾರ" ಎಂದೆ. "ಮಂದಿ ಮುಂದ ಮಾತಾಡಾಕ ನಾಚಿಗಿ."

"ಹೂಂ" ಎಂದರು ಅವರು. "ನಿನ್ನ ನಾಚಿಗಿ ನೀ ಬಿಡಲಿಲ್ಲ. ಆಕಿ ಮ್ಯಾಲೆ ಹಾಕಿದಿ. ಈಗ ಆಕಿ ಹೊತಗೊಂಡು ಮಲಗ್ಯಾಳ."

ನಾನು ಓದಿದ ಪುಸ್ತಕಗಳಲ್ಲಿ ನಾಚಿಗಿ ಎಂಬ ಪದಕ್ಕೂ ಎರಡು ಅರ್ಥ ಇದೆ ಎಂದು ಇತ್ತು. ಸಂಕೋಚ, ಮತ್ತು ತಪ್ಪು ಮಾಡಿದವರಿಗೆ ಆಗುವುದು. ಮೊದಲನೆಯದು ಎರಡನೆಯದಾಗಲು ಎಷ್ಟು ದಿನ ಬೇಕು ಎಂದು ಇರಲಿಲ್ಲ.

ಅವತ್ತೇ ಇಪ್ಪತ್ತೇಳನೆಯ ಪ್ರಶ್ನೆಯನ್ನು ಕೇಳಾಕಿಯಿಂದ ತೆಗೆದರು. ಆಪರೇಷನ್ ಆಗಬೇಕಿದ್ದ ಆ ಒಬ್ಬರ ಹೆಸರಿನ ಮುಂದೆ ನೀಲಿ ಗುರುತು ಬಿತ್ತು. ಲಕ್ಷ್ಮೇಶ್ವರದ ದರ್ಜಿಗೆ ಫೋನು ಮಾಡುವ ಕೆಲಸವನ್ನು ಮೇಡಮ್ ನನಗೇ ಕೊಟ್ಟರು. ಮಾಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಹಂಗಾದ್ರ ನನಗ ಅಸ್ತಮಾ ಇಲ್ಲೇನ್ರಿ? ಮೂರು ತಿಂಗಳಿಂದ ಸೇದಾಕತ್ತೀನಲ್ಲರೀ ಔಷಧ" ಎಂದರು. ತಪಾಸಣೆಗೆ ಬರಲು ಹೇಳಿದೆ. ವರದಿಯನ್ನು ಹೊಸದಾಗಿ ಬರೆದರು. ಅದರಲ್ಲಿ ಈಗ ನನ್ನ ಪೂರ್ತಿ ಹೆಸರಿದೆ, "ತಿಳಿದೂ ತಿಳಿಸದೆ" ಎಂಬ ಮಾತಿದೆ. ಓದಿ ಸಹಿ ಮಾಡಿದೆ.

*

ಸಿಸ್ಟರ್ ಹೋಗಿ ಫಕೀರವ್ವನಿಗೆ ವಿಷಯ ಹೇಳಿದರು. ತಪ್ಪು ನಿನ್ನದಲ್ಲ, ಕಾಗದ ಬದಲಿಸಿದ್ದಾರೆ ಎಂದರು. ಅವರು ಒಂದು ದಿನ ಪೂರ್ತಿ ಯೋಚಿಸಿ, ಆಪರೇಷನ್ನಿಗೆ ಒಪ್ಪಿದರು. ಆದರೆ ಒಂದು ಕರಾರು ಹಾಕಿದರು.

"ಗ್ವಾಡಿ ಕೇಳಿದ್ರ ನಾ ಬಾಯಿ ಬಿಡಂಗಿಲ್ಲ. ಆ ಹುಡುಗಿ ಬರಲಿ. ಎದುರಿಗೆ ನಿಂತು ಕೇಳಲಿ."

ಮುಂದಿನ ವಾರದ ಗುರುವಾರ, ಬೆಳಿಗ್ಗೆ ಏಳು. ಅವತ್ತಿನ ಮೊದಲ ಆಪರೇಷನ್ ಅವರದೇ. ಗ್ಲೌಸಿನ ಸೂಕ್ಷ್ಮ ಧೂಳು ಗಾಳಿಯಲ್ಲಿ ತೇಲುತ್ತಿರುತ್ತದೆ. ಹಿಂದಿನ ಸಂಜೆಯಿಂದ ಥಿಯೇಟರಿಗೆ ರಬ್ಬರಿನ ಒಂದು ಎಳೆಯನ್ನೂ ಒಯ್ಯದೆ, ಗಾಳಿ ಸೋಸುತ್ತ ಕಾದಿದ್ದರು. ಮೇಡಮ್, ಸರ್ಜನ್, ಇಬ್ಬರು ಸಿಸ್ಟರುಗಳು, ಚಿದಂಬರ ಸರ್ ಕೂಡ ಹಾಸಿಗೆಯ ಸುತ್ತ ನಿಂತಿದ್ದರು. ಅಷ್ಟು ಜನರ ನಡುವೆ ನಾನು ಎಂದೂ ಮಾತಾಡಿದವಳಲ್ಲ.

ಆಗುತ್ತದೆಯೇ ಎಂದು ಕೇಳಬಾರದು ಎಂದು ಎರಡು ದಿನ ಯೋಚಿಸಿ ಬಂದಿದ್ದೆ. ಹೌದು, ಇಲ್ಲ ಎಂದು ಮುಗಿಸಲಾಗದಂಥ ಪ್ರಶ್ನೆ ಬೇಕು.

"ಸಾಲ್ಯಾಗ ಗ್ಲೌಸ್ ಹಾಕ್ಕೊಂಡಾಗ ನಿಮ್ಮ ಕೈ ಹೆಂಗ ಆಕ್ಕಿದ್ದುವು ಅಕ್ಕಾರ?"

ಫಕೀರವ್ವ ನನ್ನ ಮುಖ ನೋಡುತ್ತ ಹೇಳಿದರು, ಆತುರವಿಲ್ಲದೆ. ಮೊದಲು ತುರಿಕೆ. ಆಮೇಲೆ ಗಂದೆ. ಆಮೇಲೆ ಮೊಮ್ಮಗಳ ಹುಟ್ಟುಹಬ್ಬಕ್ಕೆ ರಬ್ಬರಿನ ಪುಗ್ಗಾ ಊದಲು ಹೋಗಿ ಗಂಟಲು ಕಟ್ಟಿದ್ದು. ಬಾಳೆಹಣ್ಣು. ಹೋದ ವರ್ಷ ಪಪ್ಪಾಯಿ ತಿಂದಾಗಲೂ ಹಾಗೇ ಆದದ್ದು. ರಬ್ಬರ್ ಒಗ್ಗದ ಕೆಲವರಿಗೆ ಈ ಹಣ್ಣುಗಳೂ ಒಗ್ಗುವುದಿಲ್ಲವಂತೆ, ಮೇಡಮ್ ಎಲ್ಲ ಬರೆದುಕೊಳ್ಳುತ್ತಿದ್ದರು.

"ಅಂದ್ರ ರಬ್ಬರ್ ನಿಮ್ಮ ಮೈಗೆ ಕೂಡಂಗಿಲ್ಲ, ತೊಂದರಿ ಕೊಡತೈತಿ. ನಾ ತಿಳಕೊಂಡಿದ್ದು ಖರೇ ಏನು?"

"ಖರೇ."

ಅಷ್ಟಕ್ಕೆ ನನ್ನ ಕೆಲಸ ಮುಗಿದಿತ್ತು. ಆಯಾ ಗಾಲಿಮಂಚದ ಪಕ್ಕದ ಸರಳು ಎತ್ತಿದಳು.

"ಅವತ್ತೂ ನೀವು ಸರೀನ ಹೇಳಿದ್ರಿ" ಎಂದೆ. "ತಪ್ಪು ತಿಳಕೊಂಡಾಕಿ ನಾನು. ಇದು ಹಿಂಗ ತಪ್ಪಾಕ್ಕೈತಿ ಅಂತ ನನಗ ಮದಲ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ."

"ಯಾಕ?"

"ನಾಚಿಗಿ."

ಅವರು ಹುಬ್ಬು ಗಂಟಿಕ್ಕಿದರು. "ಅಷ್ಟಕ್ಕ ಮಂದಿ ಸಾಯ್ತಾರೇನ ತಂಗಿ?" ಎಂದರು. ಚುಚ್ಚಿ ಅಂದದ್ದಲ್ಲ. ನಿಜವಾಗಿ ತಿಳಿಯದೆ ಕೇಳಿದ್ದು. ಅವರು ಮುಖ ಆಚೆ ತಿರುಗಿಸಿ, "ಹೂಂ, ನಡೀರಿನ್ನ" ಎಂದರು.

ಎರಡು ತಾಸು ನಾನು ಕಂಟ್ರೋಲ್ ರೂಮಿಗೆ ಹೋಗಲಿಲ್ಲ. ಥಿಯೇಟರಿನ ಹೊರಗಿನ ಬೆಂಚಿನ ಮೇಲೆ, ರೋಗಿಗಳ ಮನೆಯವರು ಕೂರುವ ಕಡೆ ಕೂತಿದ್ದೆ. ಪಕ್ಕದಲ್ಲಿದ್ದ ಯಾರೋ ಹೆಂಗಸು, "ನಿಮ್ಮವರು ಯಾರದಾರ ಒಳಗ?" ಎಂದಳು. ಏನೆಂದು ಹೇಳಲಿ. ಒಂಬತ್ತು ದಾಟಿದ ಮೇಲೆ ಬಾಗಿಲು ತೆರೆದು ಮೇಡಮ್ ಬಂದರು, ಕೈಯಿಂದ ನೀಲಿ ಗ್ಲೌಸು ಎಳೆಯುತ್ತ.

"ಗಡ್ಡಿ ಹೊರಗ ಬಂತು. ಮೈ ಮ್ಯಾಲೆ ಒಂದು ಗಂದಿ ಇಲ್ಲ" ಎಂದರು. ನನ್ನ ಹತ್ತಿರ ನಿಲ್ಲದೆ ಮುಂದೆ ನಡೆದು, ಹತ್ತು ಹೆಜ್ಜೆ ಹೋಗಿ ತಿರುಗಿ, "ಆಕಿ ಎಚ್ಚರಾಗೂತನಕ ಬಾಜೂಕ ಕೂತಿರು" ಎಂದರು.

ಕೂತೆ. ಗೋಡೆಯಲ್ಲಿ ಆರಿದ ದೀಪ, ಮಂಚದ ಮೇಲೆ ಸಣ್ಣಗೆ ಉಸಿರಾಡುತ್ತಿದ್ದ ಫಕೀರವ್ವ. ಅವರ ಕೈಬೆರಳುಗಳನ್ನು ನೋಡುತ್ತಿದ್ದೆ. ಸಂದುಗಳ ಒಡಕು ಈ ಎರಡು ವಾರದಲ್ಲಿ ಸ್ವಲ್ಪ ಮಾಯತೊಡಗಿತ್ತು.

ಹನ್ನೊಂದರ ಸುಮಾರಿಗೆ ಅವರ ರೆಪ್ಪೆಗಳು ಅಲುಗಿದವು. ಒಣಗಿದ ತುಟಿ ಎರಡು ಸಲ ತೆರೆದು ಮುಚ್ಚಿದ ಮೇಲೆ ದನಿ ಹೊರಟಿತು.

"ಕೇಳಾಕಿ."

ತಲೆದೆಸೆಯ ಗೋಡೆಯಲ್ಲಿ ಹಸಿರು ದೀಪ ಹೊತ್ತಿಕೊಂಡಿತು. "ಹೇಳಿ, ಕೇಳುತ್ತಿದ್ದೇನೆ" ಎಂದಿತು ನನ್ನ ದನಿ, ಸ್ವಚ್ಛವಾಗಿ, ಸಮಾಧಾನವಾಗಿ.

ಫಕೀರವ್ವ ಸೂಜಿ ಚುಚ್ಚಿದ್ದ ಕೈಯನ್ನೇ ಎತ್ತಿ, ನೊಣ ಓಡಿಸುವ ಹಾಗೆ ಗೋಡೆಯತ್ತ ಬೀಸಿದರು.

"ನಿನಗಲ್ಲ" ಎಂದರು.

ಆಮೇಲೆ ಕಷ್ಟಪಟ್ಟು ನನ್ನ ಕಡೆ ಹೊರಳಿದರು.

"ಹೇಳ್ರಿ ಅಕ್ಕಾರ" ಎಂದೆ. ಗೋಡೆಯ ದನಿಯಷ್ಟು ಚೆನ್ನಾಗಿ ಬರಲಿಲ್ಲ.